ಎಮಿಲ್ ಹಾವ್ರಾನೆಕ್ ಹಾಕಿದ ಹನ್ನೊಂದು ಗೆರೆ

ಎಮಿಲ್ ಹಾವ್ರಾನೆಕ್‌ಗೆ ಕೋಪ ಬಂದರೆ ಮೊದಲು ಕೆಂಪಾಗುತ್ತಿದ್ದದ್ದು ಕಿವಿ, ಆಮೇಲೆ ಕತ್ತು, ಆಮೇಲೆ ಬೋಳುತಲೆ. ಅದು ನೆತ್ತಿಗೇರುವಷ್ಟರಲ್ಲಿ ಎದುರಿಗಿದ್ದ ಆರೂವರೆ ಅಡಿಯ ಆಳುಗಳು ಕೂಡ ತಮ್ಮ ಬೂಟಿನ ದಾರ ನೋಡಿಕೊಳ್ಳತೊಡಗುತ್ತಿದ್ದರು. ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದ್ದ ಆತ ಇಕ್ಕಟ್ಟಿನ ಬಾಗಿಲಲ್ಲಿ ನುಸುಳುವವನಂತೆ ಸದಾ ಓರೆಯಾಗಿ ನಡೆಯುತ್ತಿದ್ದ. ಆಗಸ್ಟಿನ ಧಗೆಯಲ್ಲೂ ಕಂದು ಬಣ್ಣದ ಹಳೆಯ ಕೋಟು ಮೈಬಿಟ್ಟು ಹೋಗುತ್ತಿರಲಿಲ್ಲ. ಏನು ಹೇಳಿದರೂ ಕೊನೆಗೊಂದು "ಕೇಳಿಸ್ತೇನಪ್ಪಾ?" ಇರಲೇಬೇಕು; ಕೇಳಿಸಲಿಲ್ಲ ಎಂದವರನ್ನು ಯಾರೂ ಕಂಡಿರಲಿಲ್ಲ.

ಹಾರ್ಲನ್ಸ್‌ಬರ್ಗ್ ಓಹಾಯೋದ ಉಕ್ಕಿನ ಊರು. ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಒಬ್ಬರ ಮೈಮೇಲೊಬ್ಬರು ಬೀಳುವ ಫುಟ್‌ಬಾಲ್ ಅಲ್ಲಿ ಭಾನುವಾರದ ಪ್ರಾರ್ಥನೆಯಷ್ಟೇ ಗಂಭೀರವಾದದ್ದು. ಅಲ್ಲಿನ ತಂಡದಲ್ಲಿ ಹಾವ್ರಾನೆಕ್ ಹತ್ತೊಂಬತ್ತು ವರ್ಷದಿಂದ ಟೈಟ್ ಎಂಡ್‌ಗಳ ಗುರು. ಸಾಲಿನ ತುದಿಯಲ್ಲಿ ನಿಂತು, ಒಂದು ಗಳಿಗೆ ಗೋಡೆಯಾಗಿ ಎದುರಾಳಿಯನ್ನು ತಡೆದು, ಮರುಗಳಿಗೆ ಓಡಿಹೋಗಿ ಚೆಂಡು ಹಿಡಿಯಬೇಕಾದ ಪಾಡು ಆ ಆಟಗಾರರದು. ಪ್ರತಿ ಪಂದ್ಯದ ಮರುದಿನ ಬೆಳಿಗ್ಗೆ ಆತ ಫಿಲ್ಮ್ ಹಾಕಿಕೊಂಡು, ಕೆಂಪು ಪೆನ್ಸಿಲ್ ಹಿಡಿದು, ತನ್ನ ಆಟಗಾರರ ಒಂದೊಂದು ಹೆಜ್ಜೆಗೂ ಅಂಕ ಹಾಕುತ್ತಿದ್ದ. ತನ್ನ ಪಾಲಿಗೆ ಒಪ್ಪಿಸಿದ ಎದುರಾಳಿಯನ್ನು ತಡೆದರೆ ಪ್ಲಸ್, ಬಿಟ್ಟರೆ ಮೈನಸ್. ಬಿಟ್ಟಮೇಲೆ ತಂಡವೇ ಗೆದ್ದು ಕುಣಿಯಲಿ, ಮೈನಸ್ ಮೈನಸ್ಸೇ. ಈ ಕಾಠಿನ್ಯಕ್ಕೆ ಊರೆಲ್ಲ ಆತನನ್ನು ಹೊಗಳುತ್ತಿತ್ತು, ಆತನೂ ಆ ಹೊಗಳಿಕೆಯನ್ನು ನಂಬಿದ್ದ.

ಆ ವರ್ಷ ಆಗಸ್ಟ್ ಕೊನೆಯಲ್ಲಿ, ತಂಡಕ್ಕೆ ಬೇಡವಾದವರನ್ನು ಕಳಿಸುವ ದಿನ, ಚರ್ಚೆ ಬಂದದ್ದು ಡೆಲ್ರಾಯ್ ಪಿಂಕ್ನಿಯ ಮೇಲೆ. ಎರಡನೆಯ ಟೈಟ್ ಎಂಡ್, ಮೂವತ್ತೊಂದು ವರ್ಷ, ಮಿತಭಾಷಿ. ಇಲ್ಲಿಂದ ಹೊರಬಿದ್ದರೆ ಆ ವಯಸ್ಸಿನವನನ್ನು ಬೇರೆ ಯಾವ ತಂಡವೂ ಕರೆಯುವುದಿಲ್ಲ, ಆಟವೇ ಮುಗಿದಂತೆ.

"ಹೋದ ವರ್ಷ ಪೂರ್ತಿ ನಾಲ್ಕೇ ಚೆಂಡು ಹಿಡಿದಿದಾನೆ. ಇವನನ್ನ ಇಟ್ಕೊಂಡು ಏನ್ ಮಾಡ್ಲಿ?" ಎಂದ ಮುಖ್ಯ ಕೋಚ್ ಮ್ಯಾಕಿ, ಕಂಪ್ಯೂಟರಿನ ಅಂಕಿಪಟ್ಟಿ ನೋಡುತ್ತ.

ಹಾವ್ರಾನೆಕ್‌ನ ಕಿವಿ ಕೆಂಪಾಯಿತು. "ನಿಮ್ಮನೆ ಗೋಡೆ ಎಷ್ಟು ಚೆಂಡು ಹಿಡೀತು ಅಂತ ಲೆಕ್ಕ ಇಟ್ಟಿದೀರೇನ್ರೀ? ಅದು ಬೀಳದೆ ನಿಂತಿದೆಯಲ್ಲ, ಅಷ್ಟು ಸಾಲದಾ? ಯಂತ್ರ ಕೊಟ್ಟ ಅಂಕಿ ಹಿಡ್ಕೊಂಡು ಮನುಷ್ಯರನ್ನ ತೂಗೋಕ್ಕೆ ಬರ್ತೀರಿ!"

ಮ್ಯಾಕಿ ಜಗಳಕ್ಕೆ ಬರಲಿಲ್ಲ. ಮೇಜಿನ ಮೇಲಿದ್ದ ಹಾಳೆಗಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. "ಯಂತ್ರ ಹಾಳಾಗ್ಲಿ ಬಿಡಿ. ಇದು ನಿಮ್ಮದೇ ಕೈ ಅಲ್ವಾ? ಮೂರು ಅಭ್ಯಾಸ ಪಂದ್ಯ, ಹನ್ನೊಂದು ಮೈನಸ್. ಗೋಡೆ ಗಟ್ಟಿಯಿಲ್ಲ ಅಂತ ನೀವೇ ಬರೆದಿದೀರಲ್ಲ, ಎಮಿಲ್."

ಹಾವ್ರಾನೆಕ್ ಎದ್ದುಬಂದ. ಬಂದವನೇ ಆ ಹನ್ನೊಂದು ತುಣುಕುಗಳನ್ನೂ ಮತ್ತೆ ಹಾಕಿಕೊಂಡು ಕುಳಿತ. ಹನ್ನೊಂದೂ ಎಡಬದಿಯವು. ಹನ್ನೊಂದರಲ್ಲೂ ಪಿಂಕ್ನಿಯ ಪಕ್ಕದಲ್ಲಿದ್ದವನು ಬ್ರೆನನ್, ಬೀದಿಬೀದಿಯ ಮಕ್ಕಳು ಅಂಗಿಯ ಬೆನ್ನಿಗೆ ಅವನ ಹೆಸರು ಹಾಕಿಸಿಕೊಳ್ಳುವಂಥ ಪರ್ವತಕಾಯದ ಟ್ಯಾಕಲ್, ಚೆಂಡು ಎಸೆಯುವವನಿಗೆ ಕಾವಲು ನಿಲ್ಲುವವನು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಹಾವ್ರಾನೆಕ್ ತನ್ನ ಆಟಗಾರನನ್ನು ಬಿಟ್ಟು ಪಕ್ಕದವನ ಪಾದ ನೋಡಿದ. ಬ್ರೆನನ್‌ನ ಬಲಗಾಲು ನೆಲವನ್ನು ಒತ್ತುತ್ತಲೇ ಇರಲಿಲ್ಲ, ಹಿಮ್ಮಡಿ ಹೋಗಿತ್ತು. ಅವನ ಕೈಜಾರಿ ನುಗ್ಗಿದ ಎದುರಾಳಿಗೆ ಪ್ರತಿಸಲವೂ ಪಿಂಕ್ನಿ ತನಗೆ ಒಪ್ಪಿಸಿದವನನ್ನು ಬಿಟ್ಟು ಹೆಗಲು ಅಡ್ಡ ಕೊಟ್ಟಿದ್ದ. ಹನ್ನೊಂದು ಸಲ ಚೆಂಡು ಎಸೆಯುವವನ ಬೆನ್ನುಮೂಳೆ ಉಳಿದದ್ದು ಆ ಹೆಗಲಿನಿಂದ.

ಊಟದ ಮನೆಯಲ್ಲಿ ಬ್ರೆನನ್‌ನ ತಟ್ಟೆಯ ಮುಂದೆ ಹೋಗಿ ನಿಂತಾಗ ಹಾವ್ರಾನೆಕ್‌ನ ತಲೆಯೆಲ್ಲ ಕೆಂಪು. "ಎಷ್ಟು ದಿನದಿಂದ ಕುಂಟ್ತಾ ಇದೀಯೋ, ಕಳ್ಳ ನನ್ಮಗನೇ?"

"ಮೆಲ್ಲಗೆ, ಕೋಚ್. ಗೊತ್ತಾದ್ರೆ ಹೊರಗೆ ಕೂರಿಸಿಬಿಡ್ತಾರೆ. ಡೆಲ್ರಾಯ್‌ನೇ ಅಂದ, 'ಸುಮ್ನಿರು, ನಾನ್ ನೋಡ್ಕೋತೀನಿ' ಅಂತ."

ನೋವು ಹೇಳಿಕೊಂಡವನ ಜಾಗದಲ್ಲಿ ನಾಳೆ ಇನ್ನೊಬ್ಬ ನಿಂತಿರುತ್ತಾನೆ ಎಂಬುದು ಆ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಪಕ್ಕದವನ ನೋವನ್ನು ಹೊರಗೆಡಹುವುದು ಅಲ್ಲಿ ಕಳ್ಳತನಕ್ಕಿಂತ ಹೀನ. ಹಾವ್ರಾನೆಕ್ ಆ ಹೀನ ಕೆಲಸವನ್ನೂ ಮಾಡಿದ. ಓರೆನಡಿಗೆಯಲ್ಲೇ ಓಡಿಹೋಗಿ, ಏದುಸಿರು ಬಿಡುತ್ತ, ತಪ್ಪು ಪಿಂಕ್ನಿಯದಲ್ಲ, ಅಂಕ ಹಾಕಿದ ತನ್ನದು ಎಂದು ಮ್ಯಾಕಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ.

ಮ್ಯಾಕಿ ಗಮನವಿಟ್ಟು ಕೇಳಿದ. "ಹಾಗಾದ್ರೆ ಬ್ರೆನನ್ ಆರು ವಾರ ಇಲ್ಲ. ಇನ್ನೊಬ್ಬ ಟ್ಯಾಕಲ್ ಬೇಕು. ಪಟ್ಟಿಲಿ ಇರೋದೇ ಇಷ್ಟು ಜನಕ್ಕೆ ಅಂತ, ಜಾಗ ಎಲ್ಲಿಂದ ತರ್ಲಿ? ಪಿಂಕ್ನಿದೇ ತೆಗೀಬೇಕು."

"ಅವನೇ ಆ ಕಾಲನ್ನ ಇಷ್ಟು ದಿನ ಹೊತ್ತಿದ್ದಿದ್ದು ಕಣ್ರೀ!"

"ಇನ್ಮೇಲೆ ಹೊರೋದು ಬೇಡವಲ್ಲ," ಎಂದ ಮ್ಯಾಕಿ. ಅವನ ದನಿಯಲ್ಲಿ ದ್ವೇಷ ಇರಲಿಲ್ಲ, ಬರೀ ಲೆಕ್ಕ ಇತ್ತು. ಹಾವ್ರಾನೆಕ್ ಅಲ್ಲಿದ್ದ ಕುರ್ಚಿಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಕುರ್ಚಿ ಮುರಿಯಿತು, ಪಟ್ಟಿ ಬದಲಾಗಲಿಲ್ಲ.

ಪಿಂಕ್ನಿ ತನ್ನ ಬೀರುವಿನ ಮುಂದೆ ಕುಳಿತು ಬೂಟು, ಟವೆಲ್, ಮಗಳ ಫೋಟೊಗಳನ್ನು ಕಸದ ಕರಿ ಚೀಲಕ್ಕೆ ತುಂಬುತ್ತಿದ್ದ. ಹೊರಬೀಳುವವರಿಗೆ ಅಲ್ಲಿ ಕೊಡುವುದೇ ಆ ಚೀಲ. ಹಾವ್ರಾನೆಕ್‌ನ ಕೋಪಕ್ಕೆ ಆ ಹೊತ್ತಿನಲ್ಲಿ ಬೇರೆ ದಿಕ್ಕು ತೋಚಲಿಲ್ಲ. ಅವನ ಮೇಲೆಯೇ ಹರಿಹಾಯ್ದ.

"ಹನ್ನೊಂದು ಸಲ ಮೈನಸ್ ಹಾಕಿ ನಿನ್ನ ಮುಖಕ್ಕೇ ಹಿಡಿದೆನಲ್ಲೋ, ದಡ್ಡ ಮುಂಡೇದೇ! ಒಂದು ಸಲನಾದ್ರೂ ಬಾಯಿ ಬಿಟ್ಟು ಹೇಳಬಾರದಾಗಿತ್ತಾ?"

ಪಿಂಕ್ನಿ ಚೀಲದ ಬಾಯಿ ಗಂಟು ಹಾಕಿದ. "ನೀವು ನೋಡ್ತೀರಿ ಅಂದ್ಕೊಂಡಿದ್ದೆ, ಕೋಚ್."

ಎದ್ದುಹೋಗುವಾಗ ಕೈಕುಲುಕಿಯೇ ಹೋದ.

ಹಾವ್ರಾನೆಕ್‌ನ ಕೋಪ ಆಮೇಲೂ ಆರಲಿಲ್ಲ, ಆರಬೇಕಾಗಿಯೂ ಇಲ್ಲ. ಇನ್ನೊಬ್ಬರ ಬೆಲೆ ಕಟ್ಟಲು ಕುಳಿತವರಲ್ಲಿ ಲಂಚಕೋರರು, ಪಕ್ಷಪಾತಿಗಳು ಇದ್ದೇ ಇರುತ್ತಾರೆ; ಅವರನ್ನು ಬೈದು ಸುಮ್ಮನಾಗಬಹುದು. ಪ್ರಾಮಾಣಿಕರ ಸಂಗತಿ ಹಾಗಲ್ಲ. ಅವರು ಕೆಟ್ಟವರಿಗೆ ಹೆದರದೆ, ದೊಡ್ಡವರಿಗೆ ಬಾಗದೆ, ಜೀವಮಾನವಿಡೀ ನಿಷ್ಠೆಯಿಂದ ಅಳೆಯುತ್ತಾರೆ, ಮತ್ತು ಅವರ ಅಳತೆಯನ್ನು ಹೆಚ್ಚು ನಂಬಿ ಸುಮ್ಮನಿರುವವರೇ ಅದರ ಕೆಳಗೆ ಸಿಕ್ಕಿ ನುಗ್ಗಾಗುತ್ತಾರೆ.