ಮೂರು ಬಾಟಲಿ ಕಷಾಯ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈಯುವ ಕಲೆ ಟೈಲರ್ ದೊಡ್ಡಮ್ಮನಿಗೆ ಮೂವತ್ತು ವರ್ಷಗಳಿಂದ ಸಿದ್ಧಿಸಿತ್ತು. ಆ ಬೆಳಿಗ್ಗೆ ಸಿಕ್ಕಿಬಿದ್ದವಳು ಒಬ್ಬ ಟೀಚರ್. ಆಕೆಯ ಕೋಟಿನ ತೋಳು ಒಂದು ಗಿಡ್ಡ, ಒಂದು ಉದ್ದ.

"ಇದಕ್ಕೆ ಬೇರೆಯವರು ಕೈ ಹಾಕಿದಾರಾ?"

"ಇಲ್ವಲ್ಲ."

"ಮತ್ತೆ ಈ ನೀಲಿ ದಾರ ಎಲ್ಲಿಂದ ಬಂತು? ಇನ್ನೊಬ್ಬರ ಹತ್ರ ಹೋಗಿದ್ದು ತಪ್ಪಲ್ಲಮ್ಮ. ನನಗೆ ಹೇಳದೇ ಇದ್ರೆ ಯಾವ ಹೊಲಿಗೆ ಬಿಚ್ಚಲಿ?"

ಟೀಚರ್ ಪೆಚ್ಚಾಗಿ ಕೋಟು ಅಲ್ಲೇ ಬಿಟ್ಟು ಹೊರಟುಹೋದಳು. ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ತಂಗಿಯ ಮಗಳು ನಗುತ್ತಾ ಎದ್ದವಳೇ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮತ್ತೆ ತಲೆ ಸುತ್ತಾ?"

"ಈ ವಾರ ಮೂರನೇ ಸಲ ದೊಡ್ಡಮ್ಮ. ನಿನ್ನೆ ಡಾಕ್ಟರಮ್ಮನಿಗೆ ಹೇಳಿದೆ. ಹೀಗೇ ಆದ್ರೆ ಮಾತ್ರೆ ನಿಲ್ಲಿಸಬೇಕಾಗುತ್ತೆ ಅಂದ್ರು. ಬೇರೆ ಏನಾದ್ರೂ ತಗೊಳ್ತೀಯಾ ಅಂತ ಕೇಳಿದ್ರು. ನೀನು ಹೇಳಿಕೊಟ್ಟ ಹಾಗೆ ಇಲ್ಲ ಅಂದೆ."

ಹುಡುಗಿಗೆ ಐದು ತಿಂಗಳು ಮುಟ್ಟು ನಿಂತಿತ್ತು, ಗದ್ದದಲ್ಲಿ ಕೂದಲು ಬಂದಿತ್ತು. ಡಾಕ್ಟರಮ್ಮ ಪಿಸಿಓಎಸ್ ಎಂದು ಮಾತ್ರೆ ಬರೆದುಕೊಟ್ಟಿದ್ದರು. ದೊಡ್ಡಮ್ಮನಿಗೆ ಅದು ಸಾಲದೆನಿಸಿ ಮೆಂತ್ಯ, ದಾಲ್ಚಿನ್ನಿ, ಪುದೀನ ಬೇರೆಬೇರೆ ಕುದಿಸಿ, ಮೂರು ಬಾಟಲಿಗೆ ತುಂಬಿ, ಮೂರು ಹೊತ್ತು ಕುಡಿಸಿದ್ದಳು. "ಸೊಪ್ಪುಸದೆಯಿಂದ ಏನಾಗುತ್ತೆ? ಡಾಕ್ಟರಿಗೆ ಹೇಳ್ಬೇಡ, ಸುಮ್ನೆ ಬೈತಾರೆ" ಎಂದಿದ್ದಳು. ಆರನೇ ವಾರ ಮುಟ್ಟಾದಾಗ, "ಯಾರ ಕೈಗುಣ ಅಂದ್ಕೊಂಡೆ?" ಎಂದು ಬೀಗಿದ್ದೂ ಅವಳೇ.

ಈಗ ಕೈಯಲ್ಲಿದ್ದ ನೀಲಿ ದಾರ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗುಂಡುಸೂಜಿಗಳನ್ನು ಡಬ್ಬಿಗೆ ಉಗುಳಿ, ಬಾಟಲಿಗಳನ್ನು ಚೀಲಕ್ಕೆ ಹಾಕಿ, "ನಡಿ" ಎಂದಳು.

ಡಾಕ್ಟರಮ್ಮ ಒಂದೊಂದೇ ಮುಚ್ಚಳ ತೆಗೆದು ಮೂಸಿದರು.

"ಬೈದುಬಿಡಿ. ಬೈಸಿಕೊಳ್ಳೋಕೇ ಬಂದಿದೀನಿ" ಎಂದಳು ದೊಡ್ಡಮ್ಮ.

"ಬೈದ್ರೆ ನಾಳೆ ಇನ್ನೂ ಜೋಪಾನವಾಗಿ ಬಚ್ಚಿಡ್ತೀರಿ. ನೋಡಿ, ಗಿಡದಲ್ಲೂ ಗುಣ ಇರುತ್ತೆ. ಮೆಂತ್ಯ, ದಾಲ್ಚಿನ್ನಿ ರಕ್ತದ ಸಕ್ಕರೆ ಇಳಿಸಬಹುದು. ಈ ಮಾತ್ರೆಗೂ ಅದೇ ಕೆಲಸ. ಇವಳು ಬೆಳಿಗ್ಗೆ ತಿಂಡಿ ತಿಂತಾಳಾ?"

ಹುಡುಗಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ತಲೆಸುತ್ತು ಅದರಿಂದಲೇನಾ ಅಂತ ರಕ್ತ ಪರೀಕ್ಷೆ ಮಾಡಿ ನೋಡೋಣ."

"ಮುಟ್ಟು ಬಂದಿದ್ದು? ನನ್ನ ಕಷಾಯದಿಂದ ತಾನೆ?"

"ಇರಬಹುದು. ಮಾತ್ರೆಯಿಂದಲೂ ಇರಬಹುದು. ಎಲ್ಲಾ ಒಟ್ಟಿಗೆ ಕುಡಿಸಿದ್ರೆ ನನಗೆ ಹೇಗೆ ಗೊತ್ತಾಗಬೇಕು?"

ಒಂದು ಹೊಲಿಗೆ ಬಿಚ್ಚಿ, ತೊಡಿಸಿ ನೋಡದೆ, ಇನ್ನೊಂದು ಹೊಲಿಗೆಗೆ ದೊಡ್ಡಮ್ಮ ಎಂದೂ ಕತ್ತರಿ ತಾಗಿಸಿದವಳಲ್ಲ. ಮನೆಮಗಳ ಮೈಗೆ ಮಾತ್ರ ನಾಲ್ಕು ಕಡೆಯಿಂದ ಒಟ್ಟಿಗೆ ಕೈ ಹಾಕಿದ್ದಳು.

ಸದ್ಯಕ್ಕೆ ಮಾತ್ರೆ ಮಾತ್ರ, ಅದೂ ಊಟದ ಜೊತೆಗೆ. ಮೂರು ತಿಂಗಳು ಕಳೆದ ಮೇಲೆ ಬೇಕಿದ್ದರೆ ಒಂದೇ ಒಂದು ಕಷಾಯ, ಅದೂ ಡಾಕ್ಟರಮ್ಮನಿಗೆ ಹೇಳಿ. ಹಾಗೆ ಒಪ್ಪಿ ಇಬ್ಬರೂ ಅಂಗಡಿಗೆ ಮರಳಿದರು. ದೊಡ್ಡಮ್ಮ ಅಳತೆ ಪುಸ್ತಕದಲ್ಲಿ ಹೊಸ ಹಾಳೆ ತೆರೆದು, ಎದೆ, ಸೊಂಟ ಎಂದು ಬರೆಯುವ ಜಾಗದಲ್ಲಿ ಹುಡುಗಿಯ ಮುಟ್ಟಿನ ತಾರೀಕು ಬರೆದಳು.

"ಮುಂದಿನ ತಿಂಗಳು ಬರದೇ ಇದ್ರೆ ದೊಡ್ಡಮ್ಮ?"

ದೊಡ್ಡಮ್ಮ ಸೂಜಿಯ ಕಣ್ಣಿಗೆ ದಾರ ಪೋಣಿಸಲು ಹೋದಳು. ಎರಡು ಸಲ ತಪ್ಪಿತು.

"ಬರಲಿಲ್ಲ ಅಂತ ಬರೀತೀನಿ. ಡಾಕ್ಟರಮ್ಮನಿಗೂ ಹಾಗೇ ಹೇಳ್ತೀನಿ. ಆ ಗುಂಡಿ ಅಲ್ಲಿಡು, ಮೊದಲು ತಿಂಡಿ ತಿನ್ನು."