ಕೆಮ್ಮನ್ನು ಮೆಚ್ಚುತ್ತಿದ್ದ ಎವಾಲ್ಡ್

ಮಕ್ಕಳು ಕೆಮ್ಮಿದರೆ ಮುಖವರಳುತ್ತಿದ್ದ ಮನುಷ್ಯನೆಂದರೆ ನಾನು ಎವಾಲ್ಡ್ ಕ್ರೋಗ್ಸ್‌ಗೋರ್ ಒಬ್ಬನನ್ನೇ ಕಂಡಿದ್ದೇನೆ. ಜಟ್ಲೆಂಡಿನ ಪಶ್ಚಿಮ ಕರಾವಳಿಯ ನಮ್ಮೂರ ಶಾಲೆಯಲ್ಲಿ ನಾನು ಇತಿಹಾಸ ಕಲಿಸುತ್ತಿದ್ದೆ, ಅವನು ವ್ಯಾಯಾಮ. ಶನಿವಾರಗಳಂದು ಸುತ್ತಲಿನ ಊರುಗಳಿಂದ ಕೆಲವು ಮಕ್ಕಳು ಅವನ ಬಳಿ ಹ್ಯಾಂಡ್‌ಬಾಲ್ ಆಡಲು ಬರುತ್ತಿದ್ದರು. ಎಲ್ಲರಿಗೂ ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟಿದಂದಿನಿಂದಲೇ ಶ್ವಾಸಕೋಶದಲ್ಲಿ ಅಂಟುಕಫ ಕಟ್ಟಿಕೊಂಡು ಉಸಿರಿನ ದಾರಿಯನ್ನು ದಿನದಿನಕ್ಕೆ ಕಿರಿದಾಗಿಸುವ ವ್ಯಾಧಿ. ಓಡಿ, ಜಿಗಿದು, ಚೆಂಡೆಸೆದು ಏದುಸಿರು ಬಂದಾಗ ಆ ಕಫ ಸಡಿಲಗೊಂಡು, ಯಾವುದೋ ಮಗು ಗೋಡೆಗೆ ಕೈಯೂರಿ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿ ಕಾಗದದ ಲೋಟಕ್ಕೆ ಉಗಿದರೆ, ಎವಾಲ್ಡ್ ಎಡಗಾಲನ್ನು ತುಸು ಎಳೆದುಕೊಂಡು ಹತ್ತಿರ ಹೋಗಿ, ಲೋಟದೊಳಕ್ಕೆ ಇಣುಕಿ, "ಕೆಟ್ಟದ್ದೇನಲ್ಲ" ಎನ್ನುತ್ತಿದ್ದ. ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶಂಸೆಯಿಲ್ಲ. ಮದುವೆಗೆ ಒಪ್ಪುವಾಗಲೂ ನಾವು ಇಷ್ಟೇ ಹೇಳುವವರು.

ಚಳಿಯಿರಲಿ ಸೆಕೆಯಿರಲಿ, ಮೊಣಕೈ ಸವೆದ ಅದೇ ನೀಲಿ ಕೋಟು; ಅದರ ಜೇಬಿನ ತುಂಬ ಉಪ್ಪು ಹಾಕಿದ ಕರಿ ಮಿಠಾಯಿ. ಈ ಮಕ್ಕಳ ಮೈಯ ಉಪ್ಪೆಲ್ಲ ಬೆವರಿನಲ್ಲಿ ಹೋಗಿಬಿಡುತ್ತದೆಂದು ವೈದ್ಯರು ಹೇಳಿದ್ದು ಅವನ ಕೊಡುಗೈಗೆ ಒಳ್ಳೆಯ ನೆಪವಾಗಿತ್ತು. ತಾಯಂದಿರು "ಸುಸ್ತಾಗಿದೆ, ಕೂರಿಸು" ಎಂದರೆ ಮಾತ್ರ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬೋದಿಲ್ ಎಂಬಾಕೆ ತನ್ನ ಹತ್ತು ವರ್ಷದ ಮಗಳು ರಿಕ್ಕೆಯನ್ನು ಮೊದಲ ಸಲ ಕರೆತಂದಾಗ ಹುಡುಗಿ ನಮ್ಮ ಶಾಲೆಯ ಮೆಟ್ಟಿಲುಗಳ ನಡುವೆಯೇ ಕುಳಿತುಬಿಟ್ಟಿದ್ದಳು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಆಸ್ಪತ್ರೆಯ ವಾಸ ಅರ್ಧಕ್ಕಿಳಿದು, ಅವಳು ಗೋಲು ಹೊಡೆಯುವುದರಲ್ಲೂ ಬಾಯಿಯಲ್ಲೂ ಎಲ್ಲರಿಗಿಂತ ಮುಂದಾದಳು.

"ನೀನು ಓಡೋದ್ ನೋಡಿದ್ರೆ ಕಾಯಿಲೆ ನಿಂಗೇ ಇದ್ದಂಗಿದೆ ಕಣಪ್ಪ ಎವಾಲ್ಡ್."

"ಬಾಯಿ ಓಡಿಸ್ಬೇಡ, ಕಾಲು ಓಡಿಸು."

ಅಷ್ಟರಲ್ಲಿ ನಗರದ ಆಸ್ಪತ್ರೆಯಿಂದ ಸೂಚನೆ ಬಂತು. ಉಳಿದವರಿಗೆ ಏನೂ ಮಾಡದ ಕೆಲವು ರೋಗಾಣುಗಳು ಈ ಮಕ್ಕಳ ಎದೆಯಲ್ಲಿ ಬೇರೂರುತ್ತವೆ, ಒಬ್ಬರಿಂದೊಬ್ಬರಿಗೆ ದಾಟುತ್ತವೆ, ಆದ್ದರಿಂದ ಇನ್ನು ಇವರು ಒಂದೆಡೆ ಸೇರಕೂಡದು. ಎವಾಲ್ಡ್ ಮಕ್ಕಳನ್ನು ಕೊನೆಯ ಬಾರಿ ಬಯಲಿಗೆ ಕರೆಸಿ, ದೂರ ದೂರ ನಿಲ್ಲಿಸಿ, ಸುತ್ತುಬಳಸದೆ ವಿಷಯ ಹೇಳಿದ. ಯಾರೂ ಅಳಲಿಲ್ಲ. ನಮ್ಮಲ್ಲಿ ಆಟ ಮುಗಿದ ಮೇಲೆ, ಮೂಗೇ ಮುರಿದಿದ್ದರೂ, ಎದುರಾಳಿಗಳ ಕೈ ಕುಲುಕಿ "ಆಟಕ್ಕೆ ಧನ್ಯವಾದ" ಎನ್ನದೆ ಯಾರೂ ಮನೆಗೆ ಹೋಗುವುದಿಲ್ಲ. ಅದು ನಾವು ಓದು ಕಲಿಯುವ ಮೊದಲೇ ಕಲಿತ ಪಾಠ. ಮಕ್ಕಳು ತಾವಾಗಿಯೇ ಎರಡು ಸಾಲಾಗಿ ನಿಂತು, ಕೆಮ್ಮಿ ಬಾಯಿ ಒರೆಸಿಕೊಂಡ ಅವೇ ಕೈಗಳನ್ನು ಒಬ್ಬರಿಗೊಬ್ಬರು ಚಾಚಿದರು. ತಡೆಯಬೇಕಾದವನು ಎವಾಲ್ಡ್. ಬಾಯಿ ತೆರೆದದ್ದನ್ನು ನಾನು ನೋಡಿದೆ, ಆದರೆ ಮಾತು ಹೊರಡಲಿಲ್ಲ; ಕೊನೆಗೆ ತಾನೂ ಸಾಲಿನ ತುದಿಗೆ ಹೋಗಿ ಕೈ ನೀಡಿದ.

ಆ ಬೇಸಿಗೆ ಮುಗಿಯುವ ಮೊದಲೇ ರಿಕ್ಕೆಯ ಎದೆಯಲ್ಲಿ ಅಂಥದೇ ಒಂದು ರೋಗಾಣು ಕಾಣಿಸಿಕೊಂಡಿತು. ಎಲ್ಲಿಂದ ಬಂತೆಂದು ಹೇಳಲಾಗದು, ಮೊದಲೇ ಇದ್ದಿರಲೂಬಹುದು ಎಂದರು ವೈದ್ಯರು. ಎವಾಲ್ಡ್ ಇನ್ನೊಮ್ಮೆ ಕೇಳಲಿಲ್ಲ. ಅಂದಿನಿಂದ ಪ್ರತಿ ಮಗುವಿಗೂ ಬೇರೆ ಬೇರೆ ದಿನ ಗೊತ್ತುಮಾಡಿ, ನೆಲವನ್ನೂ ಚೆಂಡುಗಳನ್ನೂ ತಾನೇ ಸ್ಪಿರಿಟ್ಟಿನಿಂದ ಒರೆಸಿ, ಒಬ್ಬೊಬ್ಬರಿಗೂ ತಾನೊಬ್ಬನೇ ಎದುರಾಳಿ ತಂಡವಾಗಿ ನಿಲ್ಲತೊಡಗಿದ. "ಇದೇನು ಆಟವೋ, ಮುದುಕರ ಆಶ್ರಮವೋ" ಎಂದು ರಿಕ್ಕೆ ಗೊಣಗುತ್ತಿದ್ದಳು, ಆದರೆ ಒಂದು ವಾರವೂ ತಪ್ಪಿಸಲಿಲ್ಲ. ವರ್ಷಗಳುರುಳಿದಂತೆ ಅವಳ ಎಸೆತ ಗೋಲಿನವರೆಗೆ ಮುಟ್ಟದಾದಾಗ ಅವನು ಏನೂ ಹೇಳದೆ ಗೋಲಿನ ಚೌಕಟ್ಟನ್ನೇ ಹತ್ತಿರಕ್ಕೆ ಎಳೆದಿಟ್ಟ. ಹತ್ತೊಂಬತ್ತು ತುಂಬುವ ಮುನ್ನ ಅವಳು ತೀರಿಕೊಂಡಳು.

ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕುಳಿತಾಗ ಬೋದಿಲ್ ಅವನ ಪಕ್ಕಕ್ಕೆ ಬಂದು ಕುಳಿತಳು. "ಅವತ್ತು ಕೈ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ನಂಗೂ ಅನ್ಸಿದ್ದುಂಟು," ಎಂದಳು. "ನಿನ್ ಹತ್ರ ಬರ್ದೇ ಇದ್ದಿದ್ರೆ ಹದಿಮೂರು ಕೂಡ ದಾಟ್ತಿರ್ಲಿಲ್ಲ ಅಂತಾನೂ ಗೊತ್ತು. ಎರಡೂ ಗೊತ್ತು ನಂಗೆ."

ಎವಾಲ್ಡ್ ಬಟ್ಟಲನ್ನು ಸುಮ್ಮನೆ ತಿರುಗಿಸುತ್ತಿದ್ದ. "ನಂಗೆ ಒಂದೇ ಗೊತ್ತಿರೋದು," ಎಂದ.

ಮರುದಿನ ಬೆಳಿಗ್ಗೆ ಇನ್ನೊಂದು ಮಗು ಬರುವುದಿತ್ತು. ಅವನು ಹೋಗಿ ಶಾಲೆಯ ಆಟದ ಕೋಣೆಯ ಬಾಗಿಲು ತೆರೆದ. ಅವನಿಗೆ ಸಮಾಧಾನ ಹೇಳಬೇಕೆಂದು ಎಷ್ಟೋ ಸಲ ಹೊರಟು, ಹೇಳಲಾರದೆ ಹಿಂತಿರುಗಿದ್ದೇನೆ. ಬಾಳಲಾರದ ಮಕ್ಕಳ ಬಾಳಿಗೆ ಹೆಗಲು ಕೊಟ್ಟವರ ಕುಲವೇ ಹೀಗೆ. ಅವರು ಗಳಿಸಿಕೊಟ್ಟ ವರ್ಷಗಳು ಆ ಮಕ್ಕಳ ನಗುವಿನಲ್ಲಿ, ಜಗಳದಲ್ಲಿ ಖರ್ಚಾಗಿಹೋಗುತ್ತವೆ; ಸಿಗದೆ ಹೋದ ವರ್ಷಗಳು ಮಾತ್ರ ಇವರ ಮನೆಗೆ ಬಂದು ಉಳಿದುಕೊಳ್ಳುತ್ತವೆ.