ಕೊಳ್ಳಿ, ಕೊಳ್ಳೆ

ಮಗಳಿಗೆ ಎರಡು ಜಡೆ ಹೆಣೆಯುವುದು ಹತ್ತು ನಿಮಿಷದ ಕೆಲಸ; ಅಜ್ಜಿಯ ಕಥೆಯೂ ಅಷ್ಟೇ ಉದ್ದ. ಫೋನಿನಲ್ಲಿ ಅಜ್ಜಿ ಓದುತ್ತಿದ್ದರೆ ಮಾತ್ರ ನನ್ನ ಬಾಯಿಬಡುಕಿ ತಲೆ ಅಲ್ಲಾಡಿಸದೆ ಕೂರುತ್ತಾಳೆ. ಆ ಬೆಳಿಗ್ಗೆ ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದೆ. "ಕಳ್ಳರು ಊರಿಗೆ ಊರನ್ನೇ..." ಎಂದ ಅಜ್ಜಿಯ ದನಿ ಅಲ್ಲಿಗೇ ನಿಂತಿತು. ಪರದೆಯ ಮೇಲೆ ಒಂದು ಸಾಲು: ಈ ಕೃತಿ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

ಓದಿದವರು ನನ್ನ ಅತ್ತೆ. ಮಕ್ಕಳ ಕಥೆ ಓದಿ ಧ್ವನಿಮುದ್ರಿಸುವುದು ಅವರ ಉದ್ಯೋಗವಾಗಿತ್ತು. ಅವರು ತೀರಿಕೊಂಡು ಹತ್ತು ತಿಂಗಳು. ಮನೆಯಲ್ಲಿ ನಾವು ಒಮ್ಮೆಯೂ ಅವರ ದನಿ ಹಿಡಿದಿಟ್ಟುಕೊಂಡಿರಲಿಲ್ಲ. ಹೇಗೂ ಕಥೆ ಕೊಂಡಿದ್ದೇವಲ್ಲ ಎಂಬ ಧೈರ್ಯ.

ಕೊಂಡ ದಿನ ಅವರೂ ಪಕ್ಕದಲ್ಲಿದ್ದರು. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದ ಮಗಳು, ಫೋನಿನ ಗುಂಡಿಯ ಮೇಲಿದ್ದ 'ಕೊಳ್ಳಿ'ಯನ್ನು "ಕೊಳ್ಳೆ" ಎಂದು ಓದಿದಳು. ಅತ್ತೆ ಬಿದ್ದು ಬಿದ್ದು ನಕ್ಕರು.

"ಸರಿಯಾಗಿ ನೋಡೇ! ಗುಡಿಸು ಕೊಟ್ರೆ ಕೊಳ್ಳಿ, ದುಡ್ಡು ಕೊಟ್ಟು ತಗೊಳ್ಳೋದು. ಎತ್ವ ಕೊಟ್ರೆ ಕೊಳ್ಳೆ, ಕಳ್ಳರು ಹೊಡೆಯೋದು."

ಮಗಳನ್ನು ಶಾಲೆಗೆ ಕಳಿಸಿ, ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು, ಕಥೆ ಮಾರಿದ ಕಂಪನಿಗೆ ಫೋನ್ ಮಾಡಿದೆ.

"ನೀವು ಕೊಂಡಿದ್ದು ಕಥೆ ಅಲ್ಲ ಮೇಡಂ, ಅದನ್ನ ಕೇಳೋ ಅನುಮತಿ," ಎಂದಳು ಆ ಕಡೆಯ ಹುಡುಗಿ. "ನಿಮ್ಮ ಕಡೆ ಹಂಚೋ ಹಕ್ಕು ಮುಗೀತು."

"ಗುಂಡಿ ಮೇಲೆ ಕೊಳ್ಳಿ ಅಂತ ಇತ್ತಲ್ಲಮ್ಮ?"

"ಷರತ್ತಲ್ಲಿ ಎಲ್ಲ ಬರೆದಿದೆ ಮೇಡಂ."

"ಹೋಗ್ಲಿ, ಇನ್ನೊಂದ್ಸಲ ದುಡ್ಡು ಕೊಡ್ತೀನಿ. ಎಲ್ಲಿ ಸಿಗುತ್ತೆ ಹೇಳು."

"ನಿಮಗೆ ಎಲ್ಲೂ ಸಿಗಲ್ಲ."

"ಓದಿರೋದು ನಮ್ಮತ್ತೆ ಕಣಮ್ಮ. ಈಗ ಅವರಿಲ್ಲ."

"ಸಾರಿ ಮೇಡಂ. ಬೇರೇನಾದ್ರೂ ಸಹಾಯ ಬೇಕಿತ್ತಾ?"

ಮೂರು ದಿನ ಜಡೆಗಳು ಸೊಟ್ಟಗಾದವು. ಮೂರನೆಯ ದಿನ ಮಗಳು ಬಾಚಣಿಗೆ ಕಿತ್ತೆಸೆದು, "ಅಜ್ಜಿ ಹೇಗೆ ಮಾತಾಡ್ತಿದ್ರು ಅಂತ ಮರೆತೇ ಹೋಗ್ತಿದೆ," ಎಂದು ಅತ್ತಳು.

ಅಂದೇ ಮೈದುನನ ಫೋನ್ ರಿಪೇರಿ ಅಂಗಡಿಗೆ ಹೋದೆ. ಹಿಂದೊಮ್ಮೆ ಅವನು ಕದ್ದ ಸಿನಿಮಾ ತಂದಾಗ, "ಕಳ್ಳಮಾಲು ನಮ್ಮನೆಗೆ ಬೇಡ" ಎಂದು ಮಗಳ ಎದುರೇ ಬೈದು ಕಳಿಸಿದ್ದವಳು ನಾನು. ಅವನು ಮರೆತಿರಲಿಲ್ಲ.

"ಬನ್ನಿ ಅತ್ತಿಗೆ, ಹರಿಶ್ಚಂದ್ರನ ತಂಗಿ ಕಳ್ಳರ ಅಂಗಡೀಗೆ!"

ವಿಷಯ ಹೇಳಿದೆ. ಮೂರೇ ನಿಮಿಷದಲ್ಲಿ ಕಥೆ ನನ್ನ ಫೋನಿಗೆ ಬಂತು. ತಾಯಿಯ ದನಿ ಕೇಳಿದವನೇ ಸ್ಕ್ರೂಡ್ರೈವರ್ ಕೆಳಗಿಟ್ಟ.

"ದುಡ್ಡು ಕೊಟ್ಟೋರ ಮನೇಲಿ ಅಮ್ಮನ ಬಾಯಿ ಮುಚ್ಚಿಸಿದ್ರು. ಕದ್ದೋರ ಮನೇಲಿ ಓದ್ತಾನೇ ಇದ್ದಾಳೆ ನೋಡಿ."

ಮರುದಿನ ಬೆಳಿಗ್ಗೆ ಮಗಳು ಮತ್ತೆ ನನ್ನ ಮುಂದೆ ಕೂತಳು. ಅತ್ತೆಯ ದನಿ ಡಬ್ಬಿಯೊಳಗಿಂದ ಬಂದಂತಿತ್ತು. ನಡುವೆ ಯಾರೋ ಗಂಡಸು ಜೂಜಿನ ಜಾಹೀರಾತು ಅರಚಿದ. ಮಗಳು ಬೆಚ್ಚಿದಳು, ನಾನು ಹೆಣೆಯುತ್ತಲೇ ಇದ್ದೆ. ಮತ್ತೆ ಅಜ್ಜಿ: "ಕಳ್ಳರು ಊರಿಗೆ ಊರನ್ನೇ ಕೊಳ್ಳೆ ಹೊಡೆದರು."

ಮಗಳು ಫೋನ್ ಎತ್ತಿಕೊಂಡು ಪರದೆಯನ್ನೆಲ್ಲ ಹುಡುಕಿದಳು. ಆ ಹಳೆಯ 'ಕೊಳ್ಳಿ' ಗುಂಡಿ ಅಲ್ಲಿರಲಿಲ್ಲ.

"ಚಿಕ್ಕಪ್ಪ ಕೊಟ್ಟಿದ್ದಾ?"

"ಹೂಂ. ಅಲ್ಲಾಡಬೇಡ."

ರಿಬ್ಬನ್ನಿನ ಗಂಟು ಎರಡು ಸಲ ಜಾರಿತು. ಅವಳು ಪೂರ್ತಿ ನನ್ನ ಕಡೆ ತಿರುಗಿ ಕೂತಳು.

"ಅಮ್ಮಾ, ನಾವು ಮಾಡಿದ್ದು ಗುಡಿಸಿಂದಾ, ಎತ್ವದ್ದಾ?"